ಅಣುಸ್ಥಾವರದ ಪರವಾನಗಿ ವಿಸ್ತರಣೆಗೆ ತಕರಾರು ಸಲ್ಲಿಸುವ ಬಗೆ

ಅಮೆರಿಕದಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಮೊದಲ ಸಲ ಸಿಗುವ ಪರವಾನಗಿಯ ಗರಿಷ್ಠ ಅವಧಿ 40 ವರ್ಷ. 1954ರ ಅಣುಶಕ್ತಿ ಕಾಯ್ದೆ ಈ ಮಿತಿಯನ್ನು ಯಂತ್ರಗಳ ಆಯಸ್ಸನ್ನು ಲೆಕ್ಕ ಹಾಕಿ ವಿಧಿಸಿದ್ದಲ್ಲ, ಬಂಡವಾಳ ಮತ್ತು ಏಕಸ್ವಾಮ್ಯಕ್ಕೆ ಸಂಬಂಧಿಸಿದ ಅಂದಿನ ಆರ್ಥಿಕ ಪರಿಗಣನೆಗಳಿಂದ ವಿಧಿಸಿದ್ದು. ಅವಧಿ ತೀರುವ ಮುನ್ನ ಕಂಪನಿಯು 20 ವರ್ಷಗಳ ವಿಸ್ತರಣೆ ಕೇಳಬಹುದು, ಅದಾದ ಮೇಲೆ ಇನ್ನೊಂದು 20 ವರ್ಷ ಕೇಳಬಹುದು. ಅರ್ಜಿಯನ್ನು ಅವಧಿ ಮುಗಿಯುವುದಕ್ಕೆ ಐದು ವರ್ಷ ಮೊದಲೇ ಸಲ್ಲಿಸಿದ್ದರೆ, ತೀರ್ಮಾನ ಎಷ್ಟೇ ತಡವಾದರೂ ಸ್ಥಾವರವು ಹಳೆಯ ಪರವಾನಗಿಯ ಮೇಲೆಯೇ ನಡೆಯುತ್ತಿರುತ್ತದೆ. ನ್ಯೂಯಾರ್ಕ್ ರಾಜ್ಯದ ಇಂಡಿಯನ್ ಪಾಯಿಂಟ್‌ನ ಎರಡನೇ ಘಟಕದ ಅವಧಿ 2013ರಲ್ಲೇ ಮುಗಿದಿತ್ತು, ಅದು ನಿಂತದ್ದು 2020ರಲ್ಲಿ. ಆದ್ದರಿಂದ ಕಲಾಪವನ್ನು ಎಳೆದರೆ ಸ್ಥಾವರ ತಾನಾಗಿ ನಿಲ್ಲುತ್ತದೆ ಎಂಬ ಎಣಿಕೆಯನ್ನು ಊರಿನವರು ಮೊದಲೇ ಕೈಬಿಡುವುದು ಒಳ್ಳೆಯದು.

ಅರ್ಜಿಯ ಮೇಲೆ ತೀರ್ಮಾನ ಕೊಡುವುದು ಎನ್‌ಆರ್‌ಸಿ, ಅಂದರೆ ಕೇಂದ್ರ ಸರ್ಕಾರದ ಅಣು ನಿಯಂತ್ರಣ ಆಯೋಗ. ಅದರ ಮುಂದೆ ಜನರಿಗೆ ಎರಡು ಬೇರೆ ಬೇರೆ ಬಾಗಿಲುಗಳಿವೆ. ಒಂದು, ಪರಿಸರ ವರದಿಯ ಸಿದ್ಧತೆಯ ಹಂತದಲ್ಲಿ ಮತ್ತು ಅದರ ಕರಡು ಹೊರಬಿದ್ದ ಮೇಲೆ ಅಭಿಪ್ರಾಯ ಸಲ್ಲಿಸುವುದು. ಇದನ್ನು ಯಾರು ಬೇಕಾದರೂ ಮಾಡಬಹುದು, ವಕೀಲರ ಅಗತ್ಯವಿಲ್ಲ, ಆಯೋಗವು ಓದಿ ಉತ್ತರಿಸಬೇಕು, ಆದರೆ ಮೇಲ್ಮನವಿಗೆ ಬೇಕಾದ ಪಕ್ಷಕಾರರ ಸ್ಥಾನ ಇದರಿಂದ ಸಿಗುವುದಿಲ್ಲ. ಇನ್ನೊಂದು, ವಿಚಾರಣೆ ಕೋರಿ ತಕರಾರು ಅರ್ಜಿ ಹಾಕುವುದು. ಇದು ಪರಮಾಣು ಸುರಕ್ಷತೆ ಮತ್ತು ಪರವಾನಗಿ ಮಂಡಳಿಯ, ಸಾಮಾನ್ಯವಾಗಿ ಮೂವರು ನ್ಯಾಯಾಧೀಶರ ಪೀಠದ ಮುಂದೆ ನಡೆಯುವ ವ್ಯಾಜ್ಯ. ಕೈಗಾದ 5 ಮತ್ತು 6ನೇ ಘಟಕಗಳಿಗಾಗಿ 2018ರಲ್ಲಿ ನಡೆದ ಅಹವಾಲು ಸಭೆಯಂಥದ್ದನ್ನು ಬಲ್ಲ ಕನ್ನಡಿಗರಿಗೆ ಮೊದಲ ಬಾಗಿಲು ಪರಿಚಿತವೆನಿಸುತ್ತದೆ. ಸಭೆಯಲ್ಲಿ ನೂರಾರು ಜನ ಮಾತಾಡಿದ್ದರಿಂದ ಕೆಲಸವಾಯಿತೆಂದು ನಂಬಿ, ಎರಡನೆಯದರ ಗಡುವನ್ನು ಕಳೆದುಕೊಳ್ಳುವ ಅಪಾಯ ಇಲ್ಲಿಯೇ ಇದೆ.

ಆ ಗಡುವು ಕಠಿಣವಾದದ್ದು. ಫೆಡರಲ್ ರಿಜಿಸ್ಟರ್ ಎಂಬ ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟಣೆ ಬಂದ ದಿನದಿಂದ ರೂಢಿಯ ಪ್ರಕಾರ 60 ದಿನ. ಸಾವಿರಾರು ಪುಟಗಳ ಅರ್ಜಿಯನ್ನು ಆ ಅವಧಿಯಲ್ಲಿ ಓದಿ, ತಜ್ಞರನ್ನು ಹುಡುಕಿ, ಬರೆದು ಮುಗಿಸುವುದು ಹೆಚ್ಚಿನ ಊರುಗಳಿಗೆ ಆಗದ ಮಾತು. ಹಾಗಾಗಿ ಕಂಪನಿ ತನ್ನ ಉದ್ದೇಶವನ್ನು ಪ್ರಕಟಿಸಿದ ದಿನದಿಂದಲೇ ಆಯೋಗದ ಆ್ಯಡಮ್ಸ್ ಎಂಬ ದಾಖಲೆ ಭಂಡಾರವನ್ನು ಜಾಲಾಡತೊಡಗಬೇಕು: ತಪಾಸಣಾ ವರದಿಗಳು, ಕಂಪನಿಯೇ ವರದಿ ಮಾಡಿದ ಘಟನೆಗಳು, ಹಿಂದಿನ ಪತ್ರವ್ಯವಹಾರ. ತಕರಾರನ್ನು ವಿದ್ಯುನ್ಮಾನ ವಿಧಾನದಲ್ಲೇ ಸಲ್ಲಿಸಬೇಕಾಗಿದ್ದು, ಅದಕ್ಕೆ ಬೇಕಾದ ಡಿಜಿಟಲ್ ಪ್ರಮಾಣಪತ್ರಕ್ಕೆ ಕನಿಷ್ಠ 10 ದಿನ ಮೊದಲೇ ಕೋರಿಕೆ ಸಲ್ಲಿಸಬೇಕೆಂಬ ಸೂಚನೆಯಿದೆ. 2025ರ ಮೇ ತಿಂಗಳ ಅಧ್ಯಕ್ಷೀಯ ಆದೇಶವು ಇಂಥ ಅರ್ಜಿಗಳನ್ನು ಒಂದು ವರ್ಷದೊಳಗೆ ಇತ್ಯರ್ಥಪಡಿಸಬೇಕೆಂದು ಹೇಳಿ ಆಯೋಗದ ನಿಯಮಗಳ ಪರಿಷ್ಕರಣೆಗೂ ಚಾಲನೆ ಕೊಟ್ಟಿರುವುದರಿಂದ, ದಿನಗಳ ಲೆಕ್ಕಕ್ಕೆ ಯಾವ ಕೈಪಿಡಿಯನ್ನೂ (ಈ ಬರಹವನ್ನೂ ಸೇರಿಸಿ) ನೆಚ್ಚದೆ ಆಯಾ ಸ್ಥಾವರದ ಪ್ರಕಟಣೆಯನ್ನೇ ಓದಬೇಕು.

ತಕರಾರು ಹಾಕುವ ಹಕ್ಕನ್ನು ಸ್ಥಾಪಿಸುವುದು ಹೋಲಿಕೆಯಲ್ಲಿ ಸುಲಭ. ಸ್ಥಾವರದಿಂದ 50 ಮೈಲಿ, ಅಂದರೆ ಸುಮಾರು 80 ಕಿಲೋಮೀಟರ್ ಒಳಗೆ ವಾಸಿಸುವವರಿಗೆ ಆ ಹಕ್ಕು ಇದೆಯೆಂದೇ ಮಂಡಳಿ ಸಾಮಾನ್ಯವಾಗಿ ಭಾವಿಸುತ್ತದೆ. ಕಾಯ್ದೆಯು ಹೇಳುವುದು ಹಿತಾಸಕ್ತಿಗೆ ಧಕ್ಕೆಯಾಗಬಹುದಾದ ಯಾವುದೇ ವ್ಯಕ್ತಿ ಎಂದು. ಪೌರರೇ ಆಗಿರಬೇಕೆಂದು ಅಲ್ಲ. ಸಂಘದ ಹೆಸರಿನಲ್ಲಿ ಹೋಗುವುದಾದರೆ, ಒಬ್ಬ ಸದಸ್ಯರಾದರೂ ತಮ್ಮ ಮನೆಯ ವಿಳಾಸ ಮತ್ತು ದೂರವನ್ನು ತಿಳಿಸಿ, ತಮ್ಮ ಪರವಾಗಿ ಸಂಘ ವಾದಿಸಲಿ ಎಂದು ಬರೆದು ಸಹಿ ಮಾಡಿದ ಹೇಳಿಕೆ ಬೇಕು.

ಕಷ್ಟವಿರುವುದು ತಕರಾರಿನ ಒಡಲಲ್ಲಿ. ವಿಸ್ತರಣೆಯ ಸುರಕ್ಷತಾ ಪರಿಶೀಲನೆಯ ವ್ಯಾಪ್ತಿ ಬಹಳ ಕಿರಿದು: ಚಲನೆಯಿಲ್ಲದ, ದೀರ್ಘಕಾಲ ಬಾಳಬೇಕಾದ ಭಾಗಗಳು, ಎಂದರೆ ರಿಯಾಕ್ಟರ್ ಪಾತ್ರೆ, ಕೊಳವೆ, ಕೇಬಲ್, ಕಾಂಕ್ರೀಟು, ಮುದಿಯಾಗುವುದನ್ನು ಕಂಪನಿ ಹೇಗೆ ನಿಭಾಯಿಸುತ್ತದೆ ಎಂಬುದಷ್ಟೇ. ಇದರ ಜೊತೆಗೆ ಪರಿಸರದ ಪರಿಣಾಮ. ಜನರನ್ನು ಹೆಚ್ಚು ಕಾಡುವ ಎರಡು ಪ್ರಶ್ನೆಗಳು, ಅವಘಡವಾದರೆ ಊರು ಖಾಲಿ ಮಾಡಿಸುವ ಯೋಜನೆ ಮತ್ತು ಬಳಸಿದ ಇಂಧನವನ್ನು ಎಲ್ಲಿಡಬೇಕೆಂಬುದು, ಇಲ್ಲಿ ವ್ಯಾಪ್ತಿಯ ಹೊರಗೆ ಬೀಳುತ್ತವೆ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ, ಆದರೆ ತಕರಾರಿನಲ್ಲಿ ಅದನ್ನು ಬರೆದರೆ ಮಂಡಳಿ ತಳ್ಳಿಹಾಕುತ್ತದೆ. ಅವನ್ನು ಅಭಿಪ್ರಾಯ ಸಭೆಯಲ್ಲಿ, ಪತ್ರಿಕೆಗಳಲ್ಲಿ, ಜನಪ್ರತಿನಿಧಿಗಳ ಮುಂದೆ ಇಡಬೇಕು.

ಒಪ್ಪಿತವಾಗುವ ತಕರಾರು ಹೇಗಿರುತ್ತದೆಂಬುದಕ್ಕೆ ನ್ಯೂಜೆರ್ಸಿಯ ಆಯ್ಸ್ಟರ್ ಕ್ರೀಕ್ ಒಳ್ಳೆಯ ಪಾಠ. 1969ರಲ್ಲಿ ಶುರುವಾದ ಆ ಸ್ಥಾವರದ ರಿಯಾಕ್ಟರ್ ಅನ್ನು ಸುತ್ತುವರಿದಿದ್ದ ಉಕ್ಕಿನ ಕವಚವು ತಲೆಕೆಳಗಾದ ಬಲ್ಬಿನ ಆಕಾರದ್ದು. ಅದರ ಬುಡದ ಸುತ್ತ ಮರಳು ತುಂಬಲಾಗಿತ್ತು. ಇಂಧನ ಬದಲಿಸುವ ಕಾಲದಲ್ಲಿ ಮೇಲಿನಿಂದ ಸೋರಿದ ನೀರು ಆ ಮರಳಿಗಿಳಿದು, ಉಕ್ಕು ಹೊರಮೈಯಿಂದ ತುಕ್ಕು ಹಿಡಿಯಿತು. ಮೂಲದಲ್ಲಿ 1.154 ಅಂಗುಲ ದಪ್ಪವಿದ್ದ ತಗಡು, ತೀರ ತೆಳುವಾದ ಕಡೆ ಸರಾಸರಿ 0.8 ಅಂಗುಲದ ಆಸುಪಾಸಿಗೆ ಇಳಿದಿತ್ತು. ಇರಲೇಬೇಕಾದ ಕನಿಷ್ಠ ಸರಾಸರಿ 0.736 ಅಂಗುಲ. ಉಳಿದಿದ್ದ ಅಂತರ ಎರಡು ಮಿಲಿಮೀಟರಿಗಿಂತ ಕಡಿಮೆ. 1992ರಲ್ಲಿ ಮರಳನ್ನು ತೆಗೆದು ಎಪಾಕ್ಸಿ ಬಳಿದಿದ್ದರು. ಸ್ಥಳೀಯ ಸಂಘಟನೆಗಳ ಕೂಟವು ಸ್ಥಾವರ ಅಪಾಯಕಾರಿ ಎಂದು ಕೂಗುವುದಕ್ಕೆ ಬದಲಾಗಿ, ಈ ಬುಡದ ಭಾಗದ ದಪ್ಪವನ್ನು ಶ್ರವಣಾತೀತ ತರಂಗಗಳಿಂದ ಮತ್ತೆ ಮತ್ತೆ ಅಳೆಯುವ ಸಮರ್ಪಕ ಯೋಜನೆ ಅರ್ಜಿಯಲ್ಲಿಲ್ಲ ಎಂದು, ತುಕ್ಕಿನ ತಜ್ಞರೊಬ್ಬರ ಹೇಳಿಕೆಯನ್ನು ಲಗತ್ತಿಸಿ ವಾದಿಸಿತು. ಮಂಡಳಿ ಅದನ್ನು ವಿಚಾರಣೆಗೆ ಸ್ವೀಕರಿಸಿತು. ಕಂಪನಿ ಅಳತೆ ಮಾಡುವುದಾಗಿ ಮಾತು ಕೊಟ್ಟಾಗ ಆ ತಕರಾರಿಗೆ ಆಧಾರ ಉಳಿಯಲಿಲ್ಲ. ಸಂಘಟನೆಗಳು ಅಷ್ಟಕ್ಕೇ ಬಿಡದೆ, ಅಳತೆಗಳ ನಡುವಿನ ಅವಧಿ ತೀರ ಉದ್ದವೆಂದು ಹೊಸ ತಕರಾರು ಹೂಡಿದವು, 2007ರಲ್ಲಿ ವಿಚಾರಣೆಯೂ ನಡೆಯಿತು. ತೀರ್ಪು ಕಂಪನಿಯ ಪರವಾಗಿ ಬಂದು 2009ರ ಏಪ್ರಿಲ್‌ನಲ್ಲಿ ವಿಸ್ತರಣೆ ಸಿಕ್ಕಿತು. ಹಾಗಿದ್ದೂ ಆ ಉಕ್ಕಿನ ಮೇಲೆ ಬಿದ್ದ ಕಣ್ಗಾವಲು ತಕರಾರಿಲ್ಲದೆ ಬೀಳುತ್ತಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಇದೇ ಮಾದರಿಯಲ್ಲಿ ಪ್ರತಿ ತಕರಾರಿನಲ್ಲೂ ಅರ್ಜಿಯ ಯಾವ ವಿಭಾಗ, ಯಾವ ಪುಟ, ಅಲ್ಲಿ ಏನು ಹೇಳಿದೆ ಅಥವಾ ಏನು ಬಿಟ್ಟಿದೆ, ಅದು ಏಕೆ ತಪ್ಪು, ಯಾವ ದಾಖಲೆ ಅಥವಾ ತಜ್ಞರ ಮಾತು ಅದಕ್ಕೆ ಆಧಾರ, ಅದರಿಂದ ಆಯೋಗದ ತೀರ್ಮಾನವೇ ಹೇಗೆ ಬದಲಾಗಬೇಕಾಗುತ್ತದೆ ಎಂಬುದನ್ನು ಬಿಡಿಸಿ ಬರೆಯಬೇಕು. ಹತ್ತು ಸಡಿಲ ತಕರಾರುಗಳಿಗಿಂತ ಒಂದೆರಡು ಬಿಗಿಯಾದವು ಮೇಲು. ತಜ್ಞರಿಗೆ ಕೊಡಲು ದುಡ್ಡಿಲ್ಲದಿದ್ದರೆ, ಇಂಥ ವ್ಯಾಜ್ಯಗಳಲ್ಲಿ ನುರಿತ ರಾಷ್ಟ್ರೀಯ ಸಂಘಟನೆಗಳ ಜೊತೆಗೂಡುವುದು ಜಾಣತನ. ಫ್ಲಾರಿಡಾದ ಟರ್ಕಿ ಪಾಯಿಂಟ್‌ಗೆ 80 ವರ್ಷಗಳವರೆಗಿನ ಪರವಾನಗಿಯನ್ನು 2019ರಲ್ಲಿ ಕೊಟ್ಟಿದ್ದ ಆಯೋಗವು, ಎರಡನೇ ವಿಸ್ತರಣೆಯ ಅವಧಿಯ ಪರಿಸರ ಪರಿಣಾಮವನ್ನು, ಎಲ್ಲ ಸ್ಥಾವರಗಳಿಗೂ ಅನ್ವಯಿಸುವಂತೆ ಆಯೋಗ ಸಿದ್ಧಪಡಿಸಿದ ಸಾಮಾನ್ಯ ಪರಿಸರ ವರದಿ ಒಳಗೊಂಡಿಲ್ಲ ಎಂಬ ಸಂಘಟನೆಗಳ ವಾದವನ್ನು 2022ರಲ್ಲಿ ಒಪ್ಪಿ ತನ್ನದೇ ನಿಲುವನ್ನೂ ಆ ಹೆಚ್ಚುವರಿ ಅವಧಿಯನ್ನೂ ಹಿಂತೆಗೆದುಕೊಂಡಿತು. 2024ರಲ್ಲಿ ವರದಿಯನ್ನು ಪರಿಷ್ಕರಿಸಿದ ಮೇಲೆ ಆ ಅವಧಿ ಮತ್ತೆ ದೊರೆಯಿತು.

ಇಷ್ಟಾದರೂ, ಸ್ಥಾವರಗಳನ್ನು ಮುಚ್ಚಿಸಿದ ಒತ್ತಡ ಹೆಚ್ಚಾಗಿ ಬಂದದ್ದು ಈ ಕಲಾಪದ ಹೊರಗಿನಿಂದ. ಆಯ್ಸ್ಟರ್ ಕ್ರೀಕ್‌ಗೆ ಶೈತ್ಯ ಗೋಪುರಗಳನ್ನು ಕಟ್ಟಬೇಕೆಂದು ನ್ಯೂಜೆರ್ಸಿ ರಾಜ್ಯ ಪಟ್ಟು ಹಿಡಿದಾಗ, ದುಬಾರಿ ಖರ್ಚಿಗೆ ಬದಲಾಗಿ 2019ರೊಳಗೆ ಮುಚ್ಚಲು ಕಂಪನಿ ಒಪ್ಪಿತು, ಮುಚ್ಚಿದ್ದು 2018ರಲ್ಲಿ. ಇಂಡಿಯನ್ ಪಾಯಿಂಟ್‌ಗೆ ಬೇಕಿದ್ದ ನೀರಿನ ಗುಣಮಟ್ಟದ ಪ್ರಮಾಣಪತ್ರವನ್ನು ನ್ಯೂಯಾರ್ಕ್ 2010ರಲ್ಲಿ ನಿರಾಕರಿಸಿತು, 2017ರಲ್ಲಿ ಸ್ಥಾವರವನ್ನು ಮುಚ್ಚುವ ರಾಜಿಯಾಯಿತು. ಆದ್ದರಿಂದ ತಕರಾರು ಬರೆಯುವವರು ಒಂದು ಕಡೆ ಕೂತರೆ, ಇನ್ನೊಂದು ಗುಂಪು ನೀರಿನ ಪರವಾನಗಿ, ಕರಾವಳಿ ಪ್ರಾಧಿಕಾರದ ಒಪ್ಪಿಗೆ, ವಿದ್ಯುತ್ ದರ ನಿಗದಿಯ ವಿಚಾರಣೆ ಯಾವಾಗ ಬರುತ್ತವೆಂದು ರಾಜ್ಯದ ಕಚೇರಿಗಳಲ್ಲಿ ವಿಚಾರಿಸುತ್ತಿರಬೇಕು.

ಅಲ್ಲಿ ಮಾತಿನ ಆಯ್ಕೆಯೂ ಮುಖ್ಯ. ವಿಕಿರಣ ಸುರಕ್ಷತೆ ಕೇಂದ್ರದ ಅಧಿಕಾರ, ವಿದ್ಯುತ್ತಿನ ಅಗತ್ಯ ಮತ್ತು ಆರ್ಥಿಕತೆ ರಾಜ್ಯದ ಅಧಿಕಾರ ಎಂದು ಸುಪ್ರೀಂ ಕೋರ್ಟ್ 1983ರಲ್ಲೇ ಗೆರೆ ಎಳೆದಿದೆ. ವರ್ಮಾಂಟ್ ಯಾಂಕಿ ಸ್ಥಾವರದ ವಿರುದ್ಧ 2010ರಲ್ಲಿ ರಾಜ್ಯದ ಸೆನೆಟ್ 26–4ರಿಂದ ಮತ ಹಾಕಿತ್ತು, ಆದರೆ ಶಾಸಕರ ಚರ್ಚೆಗಳಲ್ಲಿ ಸುರಕ್ಷತೆಯ ಮಾತು ತುಂಬಿದ್ದೂ ಕಾರಣವಾಗಿ ರಾಜ್ಯದ ಕಾನೂನು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಕೊನೆಗೆ ಆ ಸ್ಥಾವರ 2014ರಲ್ಲಿ ಆರ್ಥಿಕ ಕಾರಣಕ್ಕೆ ಮುಚ್ಚಿತು. ರಾಜ್ಯದ ಮುಂದೆ ಹೋಗುವಾಗ ಮೀನಿನ ಸಂತತಿ, ನೀರಿನ ಬಿಸಿ, ಗ್ರಾಹಕರ ಬಿಲ್ಲು, ಬದಲಿ ವಿದ್ಯುತ್ತಿನ ಬೆಲೆ ಇವುಗಳನ್ನೇ ಮುಂದಿಡಬೇಕು.

ಮಂಡಳಿ ತಕರಾರನ್ನು ತಿರಸ್ಕರಿಸಿದರೆ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಲು ಇರುವುದು 25 ದಿನ, ಆಯೋಗದ ಅಂತಿಮ ಆದೇಶದ ವಿರುದ್ಧ ಕೇಂದ್ರ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಲು 60 ದಿನ. ಈ ನಡುವೆ ತಪಾಸಣೆಯಲ್ಲಿ ಹೊಸ ಬಿರುಕೋ ಸೋರಿಕೆಯೋ ಬಯಲಾದರೆ, ಮಾಹಿತಿ ಹಿಂದೆ ಲಭ್ಯವಿರಲಿಲ್ಲ ಎಂದು ತೋರಿಸಿ ತಡವಿಲ್ಲದೆ ಹೊಸ ತಕರಾರು ಕೋರಬಹುದು. ಅದಕ್ಕಾಗಿ ವಾರಕ್ಕೊಮ್ಮೆಯಾದರೂ ದಾಖಲೆ ಭಂಡಾರವನ್ನು ನೋಡಿ, ಪ್ರತಿ ವರದಿ ಸಾರ್ವಜನಿಕವಾದ ತಾರೀಖನ್ನು ಬರೆದಿಡುವ ಒಬ್ಬರನ್ನು ಗುಂಪಿನಲ್ಲಿ ನೇಮಿಸಿಕೊಳ್ಳಬೇಕು.