ಸಕ್ಕರೆ ಕಾಯಿಲೆಯ ಕಾಲು, ಪರದೇಶದ ಆಪರೇಷನ್: ಟಿಕೆಟ್ ಮಾಡಿಸುವ ಮೊದಲು

‘ಬೆರಳು ತೆಗೆಯಬೇಕಾಗಬಹುದು’ ಎಂದು ವೈದ್ಯರು ಹೇಳಿದ ದಿನವೇ ಮನೆಯಲ್ಲಿ ಯಾರಾದರೊಬ್ಬರು ಮೊಬೈಲ್ ಹಿಡಿದು ಹೊರದೇಶದ ಆಸ್ಪತ್ರೆ ಹುಡುಕಲು ಕೂರುತ್ತಾರೆ. ತಪ್ಪೇನಿಲ್ಲ. ಕಾಲು ಉಳಿಸುವುದರಲ್ಲಿ ನುರಿತ ತಂಡ ಎಲ್ಲ ಕಡೆ ಸಿಗುವುದಿಲ್ಲ. ಆದರೆ ಥಿಯೇಟರಿನೊಳಗೆ ಕಳೆಯುವುದು ಕೆಲವೇ ಗಂಟೆ. ಗಾಯ ಮಾಯಲು ಹಿಡಿಯುವುದು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ. ಆ ದಿನಗಳ ಲೆಕ್ಕ ಹಾಕದೆ ಹೊರಟವರೇ ಪೇಚಿಗೆ ಸಿಲುಕುವುದು.

1. ಈ ಕಾಲು ವಿಮಾನ ಹತ್ತಬಹುದೇ?

ಪಾದ ಊದಿ ಕೆಂಪು ಮೇಲಕ್ಕೆ ಹಬ್ಬುತ್ತಿದ್ದರೆ, ಕೀವು ನಾರುತ್ತಿದ್ದರೆ, ಬೆರಳು ಕಪ್ಪಾಗುತ್ತಿದ್ದರೆ, ಚಳಿಜ್ವರ ಬಂದಿದ್ದರೆ ಪ್ರಯಾಣದ ಮಾತೇ ಬೇಡ. ಅದೇ ದಿನ ಹತ್ತಿರದ ಆಸ್ಪತ್ರೆಗೆ ಹೋಗಿ. ಇಂಥ ಸೋಂಕು ವೀಸಾ ಬರುವವರೆಗೆ ಕಾಯುವುದಿಲ್ಲ. ಕೀವು ತೆಗೆಸಿ, ಸೋಂಕು ಹತೋಟಿಗೆ ಬಂದ ಮೇಲೆ ಮುಂದಿನ ಯೋಚನೆ.

ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಬಿಸಿಯಾಗಿ ಊದಿಕೊಂಡಿದ್ದರೂ ಹುಷಾರು. ಅದು ಶಾರ್ಕೋ ಪಾದವಿರಬಹುದು. ಫ್ರಾನ್ಸಿನ ನರರೋಗ ತಜ್ಞ ಶಾರ್ಕೋ 1868ರಲ್ಲಿ ವಿವರಿಸಿದ ತೊಂದರೆ ಇದು. ನರಗಳು ಹಾಳಾಗಿ ಸ್ಪರ್ಶ ಕಳೆದುಕೊಂಡ ಪಾದದ ಮೂಳೆಗಳು ಸವೆದು, ಮುರಿದು ಕುಸಿಯುತ್ತವೆ. ನಡೆದಷ್ಟೂ ಕುಸಿತ ಹೆಚ್ಚು. ತಕ್ಷಣ ಬೇಕಿರುವುದು ಮೂಳೆ ಮುರಿದಾಗ ಹಾಕುವಂಥ ಪ್ಲಾಸ್ಟರ್ ಕಟ್ಟು. ಆಕಾರ ಕೆಟ್ಟ ಇಂಥ ಪಾದವನ್ನು ಮತ್ತೆ ಕಟ್ಟುವ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಊತ, ಬಿಸಿ ಇಳಿದ ಮೇಲೆಯೇ ಮಾಡುತ್ತಾರೆ. ಅಂಥದ್ದಕ್ಕಾಗಿ ದೂರ ಹೋಗುವುದರಲ್ಲಿ ಅರ್ಥವಿದೆ, ಸಮಯವೂ ಇರುತ್ತದೆ.

2. ಪಾದಕ್ಕೆ ರಕ್ತ ಬರುತ್ತಿದೆಯೇ?

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ರಕ್ತ ಹರಿಯದ ಪಾದವನ್ನು ಎಂಥ ಸರ್ಜನ್ ಹೊಲಿದರೂ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಪಾದದ ಗಂಟಿನ ಬಳಿಯ ರಕ್ತದೊತ್ತಡವನ್ನು ತೋಳಿನದಕ್ಕೆ ಹೋಲಿಸಿ ನೋಡುವ ಪರೀಕ್ಷೆಯಲ್ಲಿ ಅನುಪಾತ 0.9ಕ್ಕಿಂತ ಕೆಳಗಿದ್ದರೆ ರಕ್ತನಾಳ ಕಟ್ಟಿದೆ ಎಂದರ್ಥ. ಆದರೆ ಸಕ್ಕರೆ ಕಾಯಿಲೆಯವರ ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿ ಗಟ್ಟಿಯಾಗಿರುವುದರಿಂದ, ಒಳಗೆ ಅಡಚಣೆ ಇದ್ದರೂ ಸಂಖ್ಯೆ ಚೆನ್ನಾಗಿಯೇ ಕಾಣಬಹುದು. ಅದಕ್ಕೇ ಕಾಲಿನ ಹೆಬ್ಬೆರಳಿನ ರಕ್ತದೊತ್ತಡವನ್ನೂ ಅಳೆಯಲು ಕೇಳಿ. ಗಾಯವಿರುವವರಿಗೆ ಅದು 30 ಮಿಲಿಮೀಟರ್ ಪಾದರಸಕ್ಕಿಂತ ಕಡಿಮೆ ಇದ್ದರೆ ರಕ್ತನಾಳದ ತಜ್ಞರನ್ನು ತುರ್ತಾಗಿ ಕಾಣಬೇಕು. ಆಂಜಿಯೋಪ್ಲಾಸ್ಟಿಯೋ ಬೈಪಾಸೋ ಮಾಡಿ ದಾರಿ ತೆರೆದ ಮೇಲೆ, ತೆಗೆಯಬೇಕೆಂದಿದ್ದ ಭಾಗ ಚಿಕ್ಕದಾಗುವುದೂ ಉಂಟು.

3. ಕಾಲಿಗಿಂತ ಮೊದಲು ಕಡತ ಹೋಗಲಿ

ಎಕ್ಸ್‌ರೇ, ಎಂಆರ್‌ಐ, ಆಂಜಿಯೋಗ್ರಾಂಗಳ ವರದಿ ಮಾತ್ರವಲ್ಲ, ಚಿತ್ರಗಳನ್ನೇ ಕಳುಹಿಸಿ. ಗಾಯದ ಪಕ್ಕ ಸ್ಕೇಲ್ ಇಟ್ಟು ತೆಗೆದ ಫೋಟೊ, ಕೀವಿನಲ್ಲಿ ಯಾವ ರೋಗಾಣು ಇದೆ ಎಂದು ಹೇಳುವ ಕಲ್ಚರ್ ವರದಿ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್, ಹೃದಯದ ಪರೀಕ್ಷೆಗಳು, ಔಷಧಗಳ ಪಟ್ಟಿ ಇರಲಿ. ಪಟ್ಟಿಯಲ್ಲಿ ಕಂಪನಿಯ ಹೆಸರಲ್ಲ, ಔಷಧದ ಮೂಲ ಹೆಸರು ಬರೆಯಿರಿ. ‘ನೀವು ಬರುವ ಅಗತ್ಯವಿಲ್ಲ, ಅಲ್ಲೇ ಪ್ಲಾಸ್ಟರ್ ಹಾಕಿಸಿ’ ಎಂಬ ಉತ್ತರ ಬಂದರೆ ಬೇಸರ ಬೇಡ. ಅದು ಒಳ್ಳೆಯ ಆಸ್ಪತ್ರೆಯ ಲಕ್ಷಣ.

ಗಡಿ ದಾಟಿದರೆ ಸಂಖ್ಯೆಗಳ ಭಾಷೆಯೂ ಬದಲಾಗಬಹುದು. ಒಂದು ಕಡೆ 180 ಮಿಲಿಗ್ರಾಂ ಎನ್ನುವ ಸಕ್ಕರೆ ಇನ್ನೊಂದು ಕಡೆ 10 ಮಿಲಿಮೋಲ್. 18ರಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ. ಇನ್ಸುಲಿನ್ ವಿಷಯ ಇನ್ನೂ ನಾಜೂಕು. ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಯೂ ಇದೆ, 100 ಯೂನಿಟ್ ಇರುವುದೂ ಇದೆ. 40ರ ಸಿರಿಂಜಿನಲ್ಲಿ 100ರ ಇನ್ಸುಲಿನ್ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಮೈಗೆ ಸೇರುತ್ತದೆ.

4. ಆಸ್ಪತ್ರೆಗೆ ಏನು ಕೇಳಬೇಕು?

ಮೂಳೆ ಸರ್ಜನ್ ಜೊತೆಗೆ ರಕ್ತನಾಳದ ಸರ್ಜನ್, ಸಕ್ಕರೆ ಕಾಯಿಲೆಯ ವೈದ್ಯರು, ಸೋಂಕು ತಜ್ಞರು ಒಂದೇ ಕಡೆ ಇದ್ದಾರೆಯೇ? ಗಾಯ ಬಿಟ್ಟುಕೊಂಡರೆ ಎರಡನೇ ಆಪರೇಷನ್ ಖರ್ಚು ಯಾರದು? ಪ್ಯಾಕೇಜಿನಲ್ಲಿ ‘ಏಳು ದಿನ’ ಎಂದಿದ್ದರೆ, ಎಂಟನೇ ದಿನ ಡ್ರೆಸ್ಸಿಂಗ್ ಬಿಚ್ಚುವವರು ಯಾರು ಎಂದು ಕೇಳಿ. ಉತ್ತರ ತಡವರಿಸಿದರೆ ಅಲ್ಲಿಗೇ ಬಿಡಿ. ಸಾಮಾನ್ಯ ಪ್ರವಾಸ ವಿಮೆ, ಚಿಕಿತ್ಸೆಗೆಂದೇ ಹೋದವರ ಖರ್ಚನ್ನು ಬಹುತೇಕ ಕೊಡುವುದಿಲ್ಲ. ಬೇಕಿರುವುದು ವೈದ್ಯಕೀಯ ವೀಸಾವೋ ಅಲ್ಲವೋ, ಜೊತೆಗೆ ಬರುವವರಿಗೆ ಯಾವುದು ಎಂಬುದನ್ನೂ ಮೊದಲೇ ವಿಚಾರಿಸಿ.

5. ಹೊರಡುವಾಗ

ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಲಗೇಜಿನಲ್ಲಿ ಹಾಕಿದರೆ ಹೆಪ್ಪುಗಟ್ಟಿ ಕೆಡಬಹುದು. ವೈದ್ಯರ ಪತ್ರವೂ ಅದರ ಜೊತೆಗಿರಲಿ. ಪೂರ್ವಕ್ಕೆ ಹಾರಿದರೆ ದಿನ ಕುಗ್ಗುತ್ತದೆ, ಪಶ್ಚಿಮಕ್ಕೆ ಹಾರಿದರೆ ಹಿಗ್ಗುತ್ತದೆ. ಡೋಸನ್ನು ಅದಕ್ಕೆ ತಕ್ಕಂತೆ ಬರೆಸಿಕೊಳ್ಳಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಆಪರೇಷನ್‌ಗೆ ಕನಿಷ್ಠ 3 ದಿನ ಮೊದಲೇ ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಸಕ್ಕರೆ ತೀರಾ ಏರದೆಯೂ ರಕ್ತ ಆಮ್ಲೀಯವಾಗುವ ಅಪಾಯವಿದೆ. ತೆಗೆದುಕೊಳ್ಳುತ್ತಿದ್ದರೆ ಎರಡೂ ಕಡೆಯ ವೈದ್ಯರಿಗೆ ಹೇಳಿ.

ನಡೆಯಲು ಆಗುತ್ತದೆ ಎಂದರೂ ವೀಲ್‌ಚೇರ್ ಬುಕ್ ಮಾಡಿ. ಸಂಕೋಚ ಬೇಡ. ವಿಮಾನ ನಿಲ್ದಾಣದ ಆ ಉದ್ದದ ನಡಿಗೆಯೇ ಹುಣ್ಣನ್ನು ಇನ್ನಷ್ಟು ಆಳವಾಗಿಸಬಹುದು. ಹೊಸ ಶೂ ಅಂತೂ ಬೇಡವೇ ಬೇಡ.

6. ಆಪರೇಷನ್ ಆದ ಮೇಲೆ

ಇಲ್ಲಿಯೇ ಆಟ ಕೆಡುವುದು. ರಾತ್ರಿ ಎಚ್ಚರವಾಗುತ್ತದೆ, ಬಾತ್‌ರೂಮು ನಾಲ್ಕೇ ಹೆಜ್ಜೆ ದೂರ. ವಾಕರ್ ಮೂಲೆಯಲ್ಲಿದೆ, ಪಕ್ಕದ ಹಾಸಿಗೆಯವರನ್ನು ಎಬ್ಬಿಸುವುದೇಕೆ ಎಂದು ಹೋಗಿ ಬಂದು ಮಲಗುತ್ತಾರೆ. ನೋವೇ ಇಲ್ಲ. ಬೆಳಿಗ್ಗೆ ಬ್ಯಾಂಡೇಜಿನ ಅಡಿಯಲ್ಲಿ ನಾಣ್ಯದಷ್ಟು ರಕ್ತದ ಕಲೆ. ನೋವಿಲ್ಲದಿರುವುದೇ ಕಾಯಿಲೆ ಎಂಬುದನ್ನು ಜೊತೆಗಿರುವವರು ಮರೆಯಬಾರದು. ಎರಡನೇ ಕಾಲನ್ನೂ ದಿನಾ ನೋಡಿ. ಇಡೀ ಭಾರ ಹೊರುವುದು ಅದೇ. ಮಲಗಿದಲ್ಲೇ ಇರುವವರಿಗೆ ಹಿಮ್ಮಡಿಯಲ್ಲಿ ಒತ್ತಡದ ಹುಣ್ಣಾಗಬಹುದು.

ವಾಪಸ್ ಹಾರುವ ದಿನವನ್ನು ಸರ್ಜನ್ ನಿರ್ಧರಿಸಲಿ, ಟಿಕೆಟ್ ಅಲ್ಲ. ದಿನ ಬದಲಿಸಬಹುದಾದ ಟಿಕೆಟ್ ತುಸು ದುಬಾರಿಯಾದರೂ ಲೇಸು. ಪ್ಲಾಸ್ಟರ್ ಹಾಕಿ 48 ಗಂಟೆ ಆಗಿರದಿದ್ದರೆ ಅದನ್ನು ಉದ್ದಕ್ಕೆ ಸೀಳಿಸಬೇಕಾಗುತ್ತದೆ, ಹಾರಾಟದಲ್ಲಿ ಕಾಲು ಊದುವುದರಿಂದ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟದಂತೆ ಚುಚ್ಚುಮದ್ದು ಬೇಕೇ ಎಂದೂ ಕೇಳಿ.

7. ಊರಿಗೆ ಮರಳಿದಾಗ

ಡ್ರೆಸ್ಸಿಂಗ್ ನೋಡುವ ವೈದ್ಯರ ಅಪಾಯಿಂಟ್‌ಮೆಂಟನ್ನು ಹೊರಡುವ ಮೊದಲೇ ಗೊತ್ತುಮಾಡಿಟ್ಟುಕೊಳ್ಳಿ. ಡಿಸ್ಚಾರ್ಜ್ ಕಾಗದದಲ್ಲಿ ಯಾವ ಮೂಳೆ ತೆಗೆದರು, ಉಳಿದ ತುದಿಯಲ್ಲಿ ಸೋಂಕಿತ್ತೇ, ಒಳಗೆ ಸ್ಕ್ರೂ-ಪ್ಲೇಟ್ ಇದೆಯೇ, ಆ್ಯಂಟಿಬಯಾಟಿಕ್ ಎಷ್ಟು ದಿನ ಎಂಬುದೆಲ್ಲ ಇರಬೇಕು. ಹೊರದೇಶದ ಆಸ್ಪತ್ರೆಯಲ್ಲಿ ದಾಖಲಾಗಿದ್ದನ್ನು ಊರಿನ ಆಸ್ಪತ್ರೆಯಲ್ಲಿ ಮುಚ್ಚಿಡಬೇಡಿ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಜೊತೆಗೆ ಬಂದಿದೆಯೇ ಎಂದು ಅವರು ಪರೀಕ್ಷಿಸಬಹುದು.

ಮಾಯ್ದ ಹುಣ್ಣುಗಳಲ್ಲಿ ಸುಮಾರು ಶೇ 40ರಷ್ಟು ವರ್ಷದೊಳಗೆ ಮರುಕಳಿಸುತ್ತವೆ. ಆದ್ದರಿಂದ ಪಾದದ ಅಳತೆಗೆ ಮಾಡಿಸುವ ಪಾದರಕ್ಷೆ ಚಿಕಿತ್ಸೆಯ ಭಾಗವೇ. ಅದನ್ನು ಮಾತ್ರ ಅವಸರದಲ್ಲಿ ಪರದೇಶದಲ್ಲಿ ಮಾಡಿಸಿಕೊಳ್ಳಬೇಡಿ. ಊತ ಇಳಿದ ಮೇಲೆ ಅಳತೆ ಬದಲಾಗುತ್ತದೆ, ಒಳಹಾಸನ್ನು ಪದೇ ಪದೇ ತಿದ್ದಬೇಕಾಗುತ್ತದೆ. ತಿದ್ದುವವರು ಮನೆಗೆ ಹತ್ತಿರವಿರಬೇಕು.