ಹಳೆ ಲ್ಯಾಪ್‌ಟಾಪಿಗೆ ಹೈಕು: ಮೊದಲು ಪೆನ್‌ಡ್ರೈವ್‌ನಲ್ಲೇ ಓಡಿಸಿ ನೋಡಿ

ಅಟ್ಟದ ಮೇಲೆ ಹಳೆ ಲ್ಯಾಪ್‌ಟಾಪ್ ಬಿದ್ದಿದೆಯಾ? ಗುಜರಿಗೆ ಹಾಕುವ ಮುಂಚೆ ಒಂದು ಸಂಜೆ ಅದರಲ್ಲಿ ವಿಂಡೋಸ್ ಬದಲು ಹೈಕು ಅನ್ನುವ ಆಪರೇಟಿಂಗ್ ಸಿಸ್ಟಮ್ ಓಡಿಸಿ ನೋಡಿ. ಇದು ಲಿನಕ್ಸ್ ಅಲ್ಲ. ಬಿಓಎಸ್ ಅನ್ನುವ ಹಳೆಯ ಆಪರೇಟಿಂಗ್ ಸಿಸ್ಟಮ್ ಮಾಡಿದ್ದ ಕಂಪನಿ 2001ರಲ್ಲಿ ಎಲ್ಲವನ್ನೂ ಪಾಮ್ ಕಂಪನಿಗೆ ಮಾರಿಕೊಂಡಿತು. ಆಗ ಬಿಓಎಸ್ ಬಿಡಲಾರದವರು ಅದೇ ತರಹದ್ದನ್ನು ಮೊದಲಿನಿಂದ ಬರೆಯಲು ಕೂತರು, ಅದೇ ಹೈಕು, ಇವತ್ತಿಗೂ ಬರೆಯುತ್ತಿದ್ದಾರೆ. 2024ರ ಸೆಪ್ಟೆಂಬರ್‌ನಲ್ಲಿ ಅದರ ಐದನೇ ಬೀಟಾ, ಅಂದರೆ ಪರೀಕ್ಷಾ ಆವೃತ್ತಿ, ಬಂತು.

8 ಜಿಬಿ ಪೆನ್‌ಡ್ರೈವ್ ಸಾಕು. ಹೈಕು ಸೈಟಿನಿಂದ 64 ಬಿಟ್ ಇಮೇಜ್ (ಇಡೀ ಸಿಸ್ಟಮ್ ಇರುವ ಫೈಲ್) ಇಳಿಸಿಕೊಳ್ಳಿ. ವಿಂಡೋಸ್‌ನಲ್ಲಿ ರೂಫಸ್ ಆ್ಯಪ್, ಲಿನಕ್ಸ್‌ನಲ್ಲಿ ಡಿಡಿ ಕಮಾಂಡ್ ಬಳಸಿ ಪೆನ್‌ಡ್ರೈವಿಗೆ ಬರೆಯಿರಿ. ಆಮೇಲೆ ಬಯಾಸ್‌ಗೆ (ವಿಂಡೋಸ್ ಏಳುವ ಮುಂಚಿನ ಸೆಟ್ಟಿಂಗ್ ಪರದೆ) ಹೋಗಿ, ಗುರುತಿಲ್ಲದ ಸಿಸ್ಟಮ್ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಬೇಕು. ಆದರೆ ಅದರಲ್ಲಿ ವಿಂಡೋಸ್ ಇನ್ನೂ ಇದ್ದು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದ್ದರೆ, ಮೊದಲು ರಿಕವರಿ ಕೀ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಮತ್ತೆ ವಿಂಡೋಸ್ ಏಳುವಾಗ ಅದು ಕೀ ಕೇಳುತ್ತದೆ, ನೀವು ಬಾಗಿಲಾಚೆ ನಿಲ್ಲುತ್ತೀರಿ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪನ್ನಂತೂ ಮುಟ್ಟಲೇಬೇಡಿ.

ಆನ್ ಮಾಡಿದ ಕೂಡಲೇ ಡೆಲ್, ಥಿಂಕ್‌ಪ್ಯಾಡ್‌ಗಳಲ್ಲಿ ಸಾಮಾನ್ಯವಾಗಿ ಎಫ್‌12, ಎಚ್‌ಪಿಯಲ್ಲಿ ಎಫ್‌9 ಒತ್ತಿ ಪೆನ್‌ಡ್ರೈವ್ ಆರಿಸಿ. "ಟ್ರೈ ಹೈಕು" ಒತ್ತಿದರೆ ಡಿಸ್ಕ್ ಮುಟ್ಟದೆ ಡೆಸ್ಕ್‌ಟಾಪ್ ಬರುತ್ತದೆ. ಪರದೆ ಕಪ್ಪಾಗೇ ಉಳಿದರೆ, ಮತ್ತೆ ಶುರು ಮಾಡಿ ಸ್ಪೇಸ್ ಒತ್ತುತ್ತಾ ಇರಿ, ಬರುವ ಮೆನುವಿನಲ್ಲಿ ಫೇಲ್‌ಸೇಫ್ ವಿಡಿಯೋ ಆರಿಸಿ.

ಈಗ ಪರೀಕ್ಷೆ. ವೈಫೈ, ಸೌಂಡ್, ಟಚ್‌ಪ್ಯಾಡ್ ನೋಡಿ. ಒಂದು ಕನ್ನಡ ಪುಟ ತೆರೆದು ಒತ್ತಕ್ಷರ ಸರಿಯಾಗಿ ಮೂಡುತ್ತಾ ಅಂತ ಕಣ್ಣಾರೆ ನೋಡಿ. ನನಗೆ ವೈಫೈ ಸಿಗಲೇ ಇಲ್ಲ, ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿದ ಮೇಲೆ ನೆಟ್ ಬಂತು. ಮುಚ್ಚಿದರೆ ನಿದ್ದೆಗೆ ಹೋಗುತ್ತದೆ ಅಂತ ನಂಬಿಕೊಳ್ಳಬೇಡಿ, ವಿಡಿಯೋಗೆ ಗ್ರಾಫಿಕ್ಸ್ ಚಿಪ್‌ನ ನೆರವು ಸಿಗುವುದೂ ಕಷ್ಟ. ಕಾಪಿ ಆಗುತ್ತಿಲ್ಲ ಅಂತ ಗಾಬರಿ ಬೇಡ, ಇಲ್ಲಿ ಕಂಟ್ರೋಲ್ ಬದಲು ಆಲ್ಟ್ ಮತ್ತು ಸಿ. ಕೀಮ್ಯಾಪ್ ಸೆಟ್ಟಿಂಗ್‌ನಲ್ಲಿ ಬದಲಿಸಬಹುದು.

ಇದರ ನಿಜವಾದ ಸೊಗಸು ಫೈಲುಗಳಲ್ಲಿದೆ. ಹಾಡುಗಳ ಫೋಲ್ಡರ್ ತೆರೆದು ಗಾಯಕರ ಹೆಸರು, ಆಲ್ಬಮ್ ಅನ್ನು ಕಾಲಂಗಳಾಗಿ ಹಾಕಿಕೊಳ್ಳಬಹುದು, ಅಲ್ಲೇ ತಿದ್ದಬಹುದು, ಬೇರೆ ಆ್ಯಪ್ ಬೇಡ. ಒಂದೊಂದು ಇಮೇಲ್ ಕೂಡ ಒಂದೊಂದು ಫೈಲ್, ಯಾರಿಂದ ಬಂತು ಅನ್ನುವುದು ಅದಕ್ಕೇ ಅಂಟಿಕೊಂಡಿರುತ್ತದೆ. ಹುಡುಕಾಟವನ್ನು ತೆರೆದಿಟ್ಟರೆ, ಹೊಸ ಫೈಲ್ ಬಂದ ಕೂಡಲೇ ಆ ಪಟ್ಟಿಯಲ್ಲಿ ತಾನಾಗಿ ಕಾಣಿಸುತ್ತದೆ. ಇದನ್ನು ಒಮ್ಮೆ ಅನುಭವಿಸಿದ ಮೇಲೆ ಬೇರೆ ಕಡೆ ಫೈಲ್ ಹುಡುಕುವುದು ಬೇಜಾರು ತರಿಸುತ್ತದೆ ನನಗೆ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಇದರ ವ್ಯವಸ್ಥೆ, ಅಂದರೆ ಬಿಎಫ್‌ಎಸ್ ಎಂಬ ಫೈಲ್ ಸಿಸ್ಟಮ್, ಮಾಡಲಿರುವ ಬದಲಾವಣೆಯನ್ನು ಮೊದಲೇ ಜರ್ನಲ್‌ನಲ್ಲಿ ಬರೆದಿಡುತ್ತದೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಕರೆಂಟ್ ಹೋದಾಗ ಧಪ್ ಅಂತ ಆಫ್ ಆದರೂ ಡಿಸ್ಕ್ ಕೆಡುವ ಭಯ ಕಡಿಮೆ, ನಮ್ಮೂರಿನ ಮಳೆಗಾಲದಲ್ಲಿ ಇದು ಮುಖ್ಯ ಅಲ್ವಾ?

ಹಳೆಯದು ಇಲ್ಲದವರು ಬೆಂಗಳೂರಿನ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು, ಕಂಪ್ಯೂಟರ್ ಅಂಗಡಿಗಳಿರುವ ಎಸ್‌.ಪಿ. ರೋಡಿಗೆ ನಡೆಯಿರಿ. ಪೆನ್‌ಡ್ರೈವ್ ಜೇಬಿನಲ್ಲೇ ಇರಲಿ. "ಅಣ್ಣಾ, ಒಂದ್ಸಲ ಇದ್ರಿಂದ ಬೂಟ್ ಮಾಡಿ ನೋಡ್ಲಾ?" ಅಂತ ಕೇಳಿ, ದುಡ್ಡು ಕೊಡುವ ಮೊದಲೇ ವೈಫೈ, ಸೌಂಡ್ ನೋಡಿಬಿಡಿ. ಬೇಡ ಅಂದರೆ ಪಕ್ಕದ ಅಂಗಡಿ ಇದೆ.

ಒಂದು ವಾರ ಹೀಗೇ ಬಳಸಿ ಒಪ್ಪಿಗೆಯಾದರೆ ಮಾತ್ರ ಇನ್‌ಸ್ಟಾಲ್ ಮಾಡಿ. ಡಿಸ್ಕ್ ಸಿದ್ಧ ಮಾಡುವ ಡ್ರೈವ್‌ಸೆಟಪ್ ಆ್ಯಪ್‌ನಲ್ಲಿ ಬಿಎಫ್‌ಎಸ್ ಆಗಿ ಇನಿಶಿಯಲೈಸ್ ಮಾಡಿದ ಪಾರ್ಟಿಷನ್‌ನಲ್ಲಿ (ಡಿಸ್ಕಿನ ಭಾಗದಲ್ಲಿ) ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಫೋಟೋಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟು, ಡಿಸ್ಕಿನ ಹೆಸರು, ಸೈಜ್ ಎರಡೆರಡು ಸಲ ಓದಿ, ಆಮೇಲೆ ಓಕೆ ಒತ್ತಿ.