ಬೆಂಗಳೂರಲ್ಲಿ ಒಂದೇ ದಿನ ಚಿತ್ರ, ತಿಂಡಿ, ಆಟ: ನಾನು ಹೊಂದಿಸುವ ಬಗೆ

ಬೆಂಗಳೂರು ನೋಡಲು ಬಂದವರ ದಿನ ಹಾಳಾದರೆ ಎಲ್ಲರೂ ಟ್ರಾಫಿಕ್ಕನ್ನು ಬೈಯುತ್ತಾರೆ. ಟ್ರಾಫಿಕ್ ತಿನ್ನುವುದು ಒಂದು ಗಂಟೆ. ಇಡೀ ದಿನವನ್ನು ನುಂಗುವುದು ಮುಚ್ಚಿದ ಬಾಗಿಲು. ಸೋಮವಾರ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ರಜೆ, ಕಸ್ತೂರಬಾ ರಸ್ತೆಯ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ ಮ್ಯಾಪ್‌ಗೆ ರಜೆ, ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಹೋಟೆಲಿಗೆ ರಜೆ, ರಂಗಶಂಕರ ರಂಗಮಂದಿರಕ್ಕೂ ರಜೆ. ಶುಕ್ರವಾರ ಗಾಂಧಿ ಬಜಾರಿನ ದೋಸೆ ಹೋಟೆಲ್ ವಿದ್ಯಾರ್ಥಿ ಭವನದ ಬಾಗಿಲು ತೆರೆಯುವುದಿಲ್ಲ. ಭಾನುವಾರ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಇಲ್ಲ. ಹಾಗಾಗಿ ಯಾರಿಗಾದರೂ ಊರು ತೋರಿಸುವುದಿದ್ದರೆ ನಾನು ಮೊದಲು ನೋಡುವುದು ವಾರದ ರಜೆಗಳನ್ನು, ನಕ್ಷೆ ಆಮೇಲೆ. ಮಂಗಳವಾರ, ಬುಧವಾರ, ಗುರುವಾರ, ಶನಿವಾರ ನಿರಾಳ. ಭಾನುವಾರವೇ ಆಗಬೇಕೆಂದರೆ ಮೆಟ್ರೊ ಬೆಳಗ್ಗೆ ತಡವಾಗಿ, ಏಳರ ಹೊತ್ತಿಗೆ ಶುರುವಾಗುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎರಡನೆಯ ಕೆಲಸ, ಗಡಿಯಾರಕ್ಕೆ ಕಟ್ಟಿಬಿದ್ದ ಒಂದನ್ನು ಮೊದಲು ಗೊತ್ತುಮಾಡುವುದು. ಪಂದ್ಯ, ನಾಟಕ, ಕಛೇರಿ, ಈ ಮೂರೂ ನಮಗಾಗಿ ಕಾಯುವುದಿಲ್ಲ. ಗ್ಯಾಲರಿ ಕಾಯುತ್ತದೆ, ದೋಸೆಯೂ ಒಂದಿಷ್ಟು ಕಾಯುತ್ತದೆ. ಸಂಜೆಯದ್ದು ನಿಗದಿಯಾದ ಮೇಲೆ ಅಲ್ಲಿಂದ ಹಿಂದಕ್ಕೆ ಎಣಿಸುತ್ತೇನೆ. ಒಂದು ಮೈದಾನ ಅಥವಾ ರಂಗಮಂದಿರ, ಒಂದು ಗ್ಯಾಲರಿ, ಎರಡು ಹೋಟೆಲ್, ಎಲ್ಲವೂ ಒಂದೇ ಮೆಟ್ರೊ ದಾರಿಯ ಆಚೀಚೆ. ಇದಕ್ಕಿಂತ ಹೆಚ್ಚು ತುರುಕಿದರೆ ಯಾವುದೂ ನೆಟ್ಟಗೆ ಆಗುವುದಿಲ್ಲ. ಬಂದವರು ಪಟ್ಟಿ ಉದ್ದ ಮಾಡುತ್ತಾರೆ. ನಯವಾಗಿ ಕತ್ತರಿಸಬೇಕಾದವರು ನಾವು.

ಮೆಟ್ರೊದ ಹಸಿರು ಮಾರ್ಗದ ದಿನ ತಿಂಡಿಯಿಂದ ಶುರುವಾಗಬೇಕು. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಗಾಂಧಿ ಬಜಾರಿಗೂ ಶಂಕರಪುರಕ್ಕೂ ನಡೆದೇ ಹೋಗಬಹುದು. 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನಕ್ಕೆ ಏಳೂವರೆಯೊಳಗೆ ತಲುಪಿದರೆ ಕಾಯುವುದು ಕಡಿಮೆ, ಒಂಬತ್ತರ ನಂತರ, ಅದರಲ್ಲೂ ಶನಿವಾರ, ಬಾಗಿಲಲ್ಲಿ ಹೆಸರು ಬರೆಸಿ ರಸ್ತೆಯಲ್ಲಿ ನಿಲ್ಲಬೇಕು. ಹೆಸರು ಬರೆಸಿದ ಮೇಲೆ ಹೂವಿನ ಸಾಲು ನೋಡಿ ಬರುತ್ತೇವೆಂದು ದೂರ ಹೋಗಬೇಡಿ. ಕೂಗಿದಾಗ ಇಲ್ಲದಿದ್ದರೆ ಸರದಿ ತಪ್ಪುತ್ತದೆ. ಒಳಗೆ ದೋಸೆ ಒಂದೊಂದಾಗಿ ಬರುವುದಿಲ್ಲ, ಕಾವಲಿಯಿಂದ ಒಂದು ಸುತ್ತು ಎದ್ದ ಮೇಲೆ ಸಪ್ಲೈಯರ್ ತೋಳಿನುದ್ದಕ್ಕೂ ತಟ್ಟೆ ಪೇರಿಸಿಕೊಂಡು ಬರುತ್ತಾರೆ. ಆ ಸುತ್ತು ತಪ್ಪಿದರೆ ಮುಂದಿನ ಸುತ್ತಿಗೆ ಕಾಯಬೇಕು. ಆದ್ದರಿಂದ ಇನ್ನೊಂದು ಬೇಕಾಗಬಹುದು ಅನ್ನಿಸಿದರೆ ಮೊದಲೇ ಹೇಳಿಬಿಡುವುದು ಜಾಣತನ. ನಾಲ್ಕು ಜನರಿದ್ದರೆ ಎರಡು ಮಸಾಲೆ ದೋಸೆ ತರಿಸಿ ಹಂಚಿಕೊಂಡು, ಮುಂದಿನ ಸುತ್ತಿಗೆ ಮತ್ತೆರಡನ್ನು ಆಗಲೇ ಹೇಳಿಡುತ್ತೇನೆ. ಒಳಗಿನ ಪಲ್ಯದ ಹಬೆ ಐದೇ ನಿಮಿಷದಲ್ಲಿ ದೋಸೆಯ ಗರಿಯನ್ನು ಮೆತ್ತಗೆ ಮಾಡುತ್ತದೆ. ಫೋಟೋ ತೆಗೆಯುತ್ತ ಕೂತವರಿಗೆ ಸಿಗುವುದು ಬೇರೆಯದೇ ದೋಸೆ.

ಬ್ರಾಹ್ಮಿನ್ಸ್‌ನಲ್ಲಿ ನಿಯಮ ಬೇರೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಅಷ್ಟೇ. ಸಾಂಬಾರ್ ಕೇಳಬೇಡಿ, ಇಲ್ಲ. ಚಟ್ನಿ ಎಷ್ಟು ಬೇಕಾದರೂ ಹಾಕುತ್ತಾರೆ. ಕೂರಲು ಕುರ್ಚಿ ಹುಡುಕುವ ಹಿರಿಯರು ಜೊತೆಗಿದ್ದರೆ ಇದನ್ನು ಬಿಟ್ಟು ವಿದ್ಯಾರ್ಥಿ ಭವನಕ್ಕೇ ಹೋಗಿ. ಎರಡೂ ಕಡೆ ಮಧ್ಯಾಹ್ನ ಬಾಗಿಲು ಹಾಕುವ ಹೊತ್ತು ಇದೆ, ಬೆಣ್ಣೆ ಮಸಾಲೆ ದೋಸೆಗೆ ಹೆಸರಾದ ಮಲ್ಲೇಶ್ವರದ ಸಿ.ಟಿ.ಆರ್. ಹೋಟೆಲ್ ಕೂಡ ಹಾಗೆಯೇ. ನಸುಕಿನಲ್ಲಿ ಒಲೆ ಹಚ್ಚುವ ಅಡುಗೆಮನೆಗಳು ಇವು, ದಿನವಿಡೀ ಟೋಕನ್ ಹರಿಯುವ ದರ್ಶಿನಿಗಳಲ್ಲ. ಆ ಹೊತ್ತಿನಲ್ಲಿ ಬೆಣ್ಣೆ ಮಸಾಲೆ ಬೇಕೆಂದು ಹೊರಟರೆ ಬೀಗ ನೋಡಿ ಬರಬೇಕಾಗುತ್ತದೆ.

ಮಧ್ಯಾಹ್ನದ ಊಟ ಎಂ.ಟಿ.ಆರ್.ನಲ್ಲಾದರೆ ನಿಲ್ದಾಣದ ಹೆಸರನ್ನು ನಂಬಬೇಡಿ. ಲಾಲ್‌ಬಾಗ್ ನಿಲ್ದಾಣ ಇರುವುದು ತೋಟದ ಪಶ್ಚಿಮಕ್ಕೆ, ಎಂ.ಟಿ.ಆರ್. ಇರುವುದು ಮುಖ್ಯ ದ್ವಾರದ ಕಡೆ. ನಾನು ಪಶ್ಚಿಮ ದ್ವಾರದಲ್ಲಿ ಟಿಕೆಟ್ ತೆಗೆದುಕೊಂಡು ತೋಟದೊಳಗೇ ನಡೆಸುತ್ತೇನೆ. ಗಾಜಿನ ಮನೆ, ಕೆಂಪೇಗೌಡ ಗೋಪುರ ನಿಂತಿರುವ ಹೆಬ್ಬಂಡೆ, ಎರಡೂ ದಾರಿಯಲ್ಲೇ ಆಗಿಹೋಗುತ್ತವೆ, ಹಸಿವೂ ಆಗುತ್ತದೆ. ಎಂ.ಟಿ.ಆರ್. ಊಟ ಒಂದಾದ ಮೇಲೊಂದು ಬಡಿಸುತ್ತ ಹೋಗುವ ಪೂರ್ತಿ ಊಟ. ಸರದಿ, ಬಡಿಸುವುದು, ಕೊನೆಯ ಸಿಹಿ ಎಲ್ಲ ಸೇರಿ ಒಂದೂವರೆ ಗಂಟೆ ಬೇಕೇ ಬೇಕು. ಅಷ್ಟು ಹೊತ್ತಿಲ್ಲದವರು ಬೆಳಗಿನ ಹೊತ್ತು ಹೋಗಿ ರವೆ ಇಡ್ಲಿ ತಿನ್ನಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾಗ ಈ ಹೋಟೆಲಿನಲ್ಲೇ ಹುಟ್ಟಿದ ತಿಂಡಿ ಅದು. ಮಾಂಸಾಹಾರಿಗಳಾದರೆ ಜಯನಗರದ ಕಡೆಯ ಮಿಲಿಟ್ರಿ ಹೋಟೆಲ್‌ಗಳಿವೆ. ದೊನ್ನೆ ಬಿರಿಯಾನಿಗೆ ಬಾಸ್ಮತಿ ಹಾಕುವುದಿಲ್ಲ, ಸಣ್ಣ ಜೀರಗ ಸಾಂಬಾ ಅಕ್ಕಿ, ಪುದೀನ ಕೊತ್ತಂಬರಿಯ ಹಸಿರು ಮಸಾಲೆ. ಒಂದು ಗಂಟೆಗೆ ಮುಂಚೆ ಹೋಗಿ. ಹಂಡೆ ಖಾಲಿಯಾದರೆ ಮತ್ತೆ ಏರಿಸುವುದಿಲ್ಲ. ಮುದ್ದೆ, ಬೋಟಿ ಎಲ್ಲ ತಿಂದಾದ ಮೇಲೆ ಗ್ಯಾಲರಿ ಇಟ್ಟುಕೊಳ್ಳಬೇಡಿ. ಕಣ್ಣು ತೆರೆದಿರುವುದಿಲ್ಲ.

ಆ ದಿನದ ಸಂಜೆ ರಂಗಶಂಕರ. 2004ರಲ್ಲಿ ಶಂಕರ್‌ನಾಗ್ ನೆನಪಿಗೆ ಕಟ್ಟಿದ್ದು. ನಾಟಕ ಸಾಮಾನ್ಯವಾಗಿ ಏಳೂವರೆಗೆ. ಇಲ್ಲಿ ಏಳೂವರೆ ಅಂದರೆ ಏಳೂವರೆಯೇ, ತಡವಾಗಿ ಬಂದವರಿಗೆ ಪ್ರವೇಶವಿಲ್ಲ, ಟಿಕೆಟ್ ಕೈಯಲ್ಲಿದ್ದರೂ ಅಷ್ಟೇ. ಜೆ.ಪಿ. ನಗರ ಎಂಬ ಮೆಟ್ರೊ ನಿಲ್ದಾಣ ಇದೆಯೆಂದು ಅಲ್ಲಿಂದ ನಡೆಯಲು ಹೋಗಬೇಡಿ. ರಂಗಶಂಕರ ಎರಡನೇ ಹಂತದಲ್ಲಿದೆ, ಆಟೋ ಬೇಕು. ಮೆಟ್ರೊದಿಂದ ಇಳಿದ ಮೇಲೆ ಮುಕ್ಕಾಲು ಗಂಟೆ ಕೈಯಲ್ಲಿರುವಂತೆ ಲೆಕ್ಕ ಹಾಕುತ್ತೇನೆ. ಬೇಗ ತಲುಪಿದರೆ ಕಾಫಿ ಕುಡಿಯುತ್ತ ಕೂರಬಹುದು.

ಚಿತ್ರಗಳಿಗೆ ಒಂದೇ ಜಾಗ ಅಂದರೆ ನನ್ನ ಮಟ್ಟಿಗೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು. ಆದರೆ ಅಲ್ಲಿ ಹೆಚ್ಚಿನವರು ನೋಡಿ ಬರುವುದು ಮುಂದಿನ ಬಾಡಿಗೆ ಗ್ಯಾಲರಿಗಳನ್ನು, ಇಲ್ಲವೇ ಕರಕುಶಲ ಮೇಳದ ಸೀರೆಗಳನ್ನು. ಒಳಗಿನ ಮ್ಯೂಸಿಯಂಗೆ ಪ್ರತ್ಯೇಕ ಟಿಕೆಟ್. ರಷ್ಯನ್ ಚಿತ್ರಕಾರ ರೋರಿಕ್ ಅವರ ಹಿಮಾಲಯದ ಚಿತ್ರಗಳು, ತೊಗಲುಗೊಂಬೆಗಳು, ಮೈಸೂರು ಸಾಂಪ್ರದಾಯಿಕ ಚಿತ್ರಗಳು ಇರುವುದು ಅಲ್ಲಿ. ತೊಗಲುಗೊಂಬೆಯನ್ನು ಎದುರಿನಿಂದ ಗೋಡೆಯ ಚಿತ್ರದಂತೆ ನೋಡಿದರೆ ಅರ್ಧವೇ ಕಂಡಂತೆ. ಹದ ಮಾಡಿದ ತೊಗಲು ಬೆಳಕು ಹಾಯುವಷ್ಟು ತೆಳು, ಬಣ್ಣ ಅರಳುವುದು ಹಿಂದಿನಿಂದ ಬೆಳಕು ಬಿದ್ದಾಗ. ನಮ್ಮ ಕಡೆಯ ಗೊಂಬೆಗಳಲ್ಲಿ ಒಂದೇ ತೊಗಲಿನ ಚೌಕಟ್ಟಿನೊಳಗೆ ಹಲವು ಪಾತ್ರಗಳಿರುವುದನ್ನೂ ಗಮನಿಸಿ.

ಮೈಸೂರು ಚಿತ್ರಗಳನ್ನು ಇಲ್ಲಿ ಮೊದಲು ನಿಧಾನವಾಗಿ ನೋಡಿಸುವುದಕ್ಕೆ ಕಾರಣವಿದೆ: ಬಂದವರು ಆಮೇಲೆ ಎಲ್ಲೋ ಒಂದನ್ನು ಕೊಳ್ಳುತ್ತಾರೆ. ಮೈಸೂರು ಶೈಲಿಯಲ್ಲಿ ಗೆಸ್ಸೊ, ಅಂದರೆ ಉಬ್ಬು ಮೂಡಿಸಲು ಹಚ್ಚುವ ಲೇಪ, ತೀರಾ ತೆಳು, ಒಡವೆಯ ಗೆರೆಗಳು ಸೂಜಿಮೊನೆಯಷ್ಟು ಸೂಕ್ಷ್ಮ, ಅದರ ಮೇಲೆ ಚಿನ್ನದ ರೇಕು (ತೆಳು ಹಾಳೆ). ತಂಜಾವೂರಿನದರಲ್ಲಿ ಉಬ್ಬು ದಪ್ಪ, ಗಾಜಿನ ಹರಳು ಕೂರಿಸಿರುತ್ತಾರೆ. ಮೈಸೂರು ಚಿತ್ರ ಎಂದು ಹೇಳಿ ಹರಳು ಮೆತ್ತಿದ್ದನ್ನು ಕೊಡುತ್ತಿದ್ದರೆ ಮುಂದೆ ನಡೆಯಿರಿ. ನಿಜವಾದ ಚಿನ್ನದ ರೇಕು ಕಪ್ಪಾಗುವುದಿಲ್ಲ; ಹಿತ್ತಾಳೆಯ ರೇಕು ಕೆಲವು ವರ್ಷಕ್ಕೆ ಕಂದಿ ಹಸಿರಾಗುತ್ತದೆ. ಯಾವ ರೇಕು ಹಾಕಿದ್ದೀರಿ ಎಂದು ನೇರ ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಕೊಳ್ಳುವ ಹುಮ್ಮಸ್ಸಿನವರನ್ನು ಚಿತ್ರಸಂತೆಗೆ ಕರೆದೊಯ್ಯುವುದು ಒಳ್ಳೆಯದು. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ, ಕುಮಾರಕೃಪಾ ರಸ್ತೆಗೆ ವಾಹನ ಬಿಡುವುದಿಲ್ಲ, ರಸ್ತೆಯುದ್ದಕ್ಕೂ ಕಲಾವಿದರೇ ಕೂತಿರುತ್ತಾರೆ. ಸಂಪಿಗೆ ರಸ್ತೆ ಅಥವಾ ಮೆಜೆಸ್ಟಿಕ್ ನಿಲ್ದಾಣದಿಂದ ಹೋಗಿ. ಒಂಬತ್ತಕ್ಕೆ ಹೋದರೆ ಕಲಾವಿದರ ಜೊತೆ ನಿಂತು ಮಾತಾಡಬಹುದು, ಹನ್ನೊಂದಾದರೆ ಜನ ತಳ್ಳಿದ ಕಡೆ ಹೋಗುವುದಷ್ಟೇ. ಪ್ರಿಂಟ್ ಹಾಕಿದ್ದನ್ನು ಕೈಯಿಂದ ಬರೆದದ್ದೆಂದು ಮಾರುವವರೂ ಇರುತ್ತಾರೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಕುಂಚದ ಉಬ್ಬುತಗ್ಗು ನೆರಳು ಚೆಲ್ಲಬೇಕು. ಕ್ಯಾಮೆರಾ ಹತ್ತಿರ ಒಯ್ದು ದೊಡ್ಡದು ಮಾಡಿದಾಗ ಸಾಲು ಸಾಲು ಚುಕ್ಕೆ ಕಂಡರೆ ಅದು ಪ್ರಿಂಟೇ. ಹೇಳಿದ ಬೆಲೆ ಫ್ರೇಮ್ ಸೇರಿಯೋ ಬಿಟ್ಟೋ ಕೇಳಿ, ಹಿಂಬದಿಯಲ್ಲಿ ಹೆಸರು, ಮಾಧ್ಯಮ, ವರ್ಷ, ಅಳತೆ ಬರೆಸಿ ಸಹಿ ಹಾಕಿಸಿ.

ಕೊಂಡದ್ದು ಕೆಡುವುದು ಮನೆಗೆ ಒಯ್ಯುವಾಗ. ಕ್ಯಾನ್ವಾಸನ್ನು ಸುತ್ತುವುದಾದರೆ ಬಣ್ಣದ ಬದಿ ಹೊರಗೆ ಬರಬೇಕು. ಒಳಗೆ ಬಂದರೆ ಬಣ್ಣದ ಪದರ ಒತ್ತಿಕೊಂಡು ಮಡಿಕೆಯಾಗಿ ಬಿರುಕು ಬಿಡುತ್ತದೆ. ಕೊಳವೆ ಕನಿಷ್ಠ ನಾಲ್ಕು ಇಂಚು ಅಗಲ ಇರಲಿ, ಮೇಲೆ ಬಟರ್ ಪೇಪರ್ ಹಾಸಿ. ದಿನಪತ್ರಿಕೆ ಬೇಡ, ಶಾಯಿ ಹತ್ತುತ್ತದೆ. ಗುಳ್ಳೆ ಪ್ಲಾಸ್ಟಿಕ್ ನೇರವಾಗಿ ಬಣ್ಣಕ್ಕೆ ತಾಗಿದರೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಅಕ್ರಿಲಿಕ್ ಮೆತ್ತಗಾಗಿ ಗುಳ್ಳೆಗಳ ಗುರುತು ಉಳಿದುಬಿಡುತ್ತದೆ. ತೈಲವರ್ಣವಾದರೆ ಯಾವಾಗ ಮುಗಿಸಿದ್ದೆಂದು ಕೇಳಿ. ಮುಟ್ಟಿದಾಗ ಒಣಗಿದಂತಿದ್ದರೂ ಒಳಪದರ ಒಣಗಲು ತಿಂಗಳುಗಳೇ ಹಿಡಿಯುತ್ತವೆ, ಹೊಸದನ್ನು ಸುತ್ತಬಾರದು. ಮೈಸೂರು ಚಿತ್ರವನ್ನಂತೂ ಎಂದಿಗೂ ಸುತ್ತಬೇಡಿ. ಗೆಸ್ಸೊ ಹಪ್ಪಳದಂತೆ ಮುರಿಯುತ್ತದೆ. ಎರಡು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿಯೇ ಒಯ್ಯಬೇಕು.

ನೇರಳೆ ಮಾರ್ಗದ ದಿನದಲ್ಲಿ ಎಲ್ಲವೂ ಕಬ್ಬನ್ ಪಾರ್ಕಿನ ಸುತ್ತ. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಮರಗಳಡಿಯಲ್ಲೇ ಕಸ್ತೂರಬಾ ರಸ್ತೆಗೆ ನಡೆಯಿರಿ. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಆಟೋದವರು ಗೇಟಿನಲ್ಲೇ ಇಳಿಸುತ್ತಾರೆ. ಸರ್ಕಾರಿ ಮ್ಯೂಸಿಯಂ ಪಕ್ಕದ ವೆಂಕಟಪ್ಪ ಚಿತ್ರಶಾಲೆ ತೆರೆದಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಿಡುತ್ತೇನೆ, ದುರಸ್ತಿ ಅಂತ ಬಾಗಿಲು ಹಾಕಿದ್ದುಂಟು. ಕೆ. ವೆಂಕಟಪ್ಪ (1886–1965) ಅವನೀಂದ್ರನಾಥ ಠಾಕೂರರ ಶಿಷ್ಯ, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತವರು. ಅವರ ಊಟಿಯ ಜಲವರ್ಣಗಳ ಮುಂದೆ ಹತ್ತಿರ ನಿಲ್ಲಿ, ಪ್ಲಾಸ್ಟರಿನ ಉಬ್ಬುಚಿತ್ರಗಳನ್ನು ಮಾತ್ರ ಪಕ್ಕದಿಂದ ನೋಡಿ. ಉಬ್ಬು ಎಷ್ಟು ಕಡಿಮೆಯೆಂದರೆ ಎದುರಿನ ಬೆಳಕಿನಲ್ಲಿ ಅರ್ಧ ಕೆಲಸ ಮಾಯ. ಅಲ್ಲೇ ಹತ್ತಿರ 2023ರಲ್ಲಿ ತೆರೆದ ಮ್ಯಾಪ್ ಇದೆ. ಒಂದೇ ದಿನ ಎರಡನ್ನೂ ನೋಡುವುದಾದರೆ ವೆಂಕಟಪ್ಪ ಮೊದಲು. ತಂಪು ಹವೆಯ, ಹೊಳೆಯುವ ಕಟ್ಟಡದಿಂದ ಬಂದವರಿಗೆ ಹಳೆಯ ಚಿತ್ರಶಾಲೆಯಲ್ಲಿ ತಾಳ್ಮೆ ಉಳಿದಿರುವುದಿಲ್ಲ.

ಅಲ್ಲಿಂದ ಕಂಠೀರವ ಕ್ರೀಡಾಂಗಣ ನಡೆಯುವ ದೂರ. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಪಂದ್ಯಕ್ಕೆ ಟಿಕೆಟ್ ತೆಗೆಯುವಾಗ ಒಂದು ವಿಷಯ ತಲೆಯಲ್ಲಿರಲಿ: ಮೈದಾನದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಆಟಗಾರರು ದೂರ. ಕೆಳಗಿನ ಸಾಲು ಹತ್ತಿರವೆಂದು ಆಸೆಪಟ್ಟರೆ ಆಚೆ ಬದಿಯ ಆಟ ಚಪ್ಪಟೆಯಾಗಿ ಕಾಣುತ್ತದೆ, ಚೆಂಡು ಗೆರೆ ದಾಟಿತೋ ಇಲ್ಲವೋ ತಿಳಿಯುವುದಿಲ್ಲ. ಮೇಲಿನ ಸಾಲೇ ಸರಿ. ಪಶ್ಚಿಮದ ಸ್ಟ್ಯಾಂಡಿನಲ್ಲಿ ಸಂಜೆ ಬಿಸಿಲು ಬೆನ್ನಿಗೆ. ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳು ಪಂದ್ಯ ಮುಗಿಯುವವರೆಗೂ ನಿಂತು ಹಾಡುವುದು ಅಲ್ಲೇ, ಕೂತು ನೋಡಬೇಕಾದವರು ಅವರಿಂದ ಆಚೆ ಟಿಕೆಟ್ ಹಿಡಿಯಬೇಕು.

ಕ್ರಿಕೆಟ್ಟಿನ ರುಚಿಗೆ ನನ್ನ ಆಯ್ಕೆ ರಣಜಿ. ಬೆಳಗ್ಗೆ ಒಂಬತ್ತೂವರೆಗೆ ಶುರು, ಸಾಮಾನ್ಯವಾಗಿ ಟಿಕೆಟ್ ಬೇಕಾಗುವುದಿಲ್ಲ, ಬ್ಯಾಟಿಗೆ ಚೆಂಡು ತಾಗಿದ ಸದ್ದು ಸ್ಟ್ಯಾಂಡಿಗೂ ಕೇಳುತ್ತದೆ. ಮೈದಾನ ಚಿನ್ನಸ್ವಾಮಿಯೋ, ಊರಾಚೆಯ ಆಲೂರೋ ಎಂದು ಹಿಂದಿನ ದಿನ ಖಚಿತ ಮಾಡಿಕೊಳ್ಳಿ. ಆಲೂರಾದರೆ ಉಳಿದ ಯೋಜನೆಯೆಲ್ಲ ಕೈಬಿಟ್ಟ ಹಾಗೆ. ದೊಡ್ಡ ಪಂದ್ಯವಾದರೆ ಟಿಕೆಟ್ಟಿನಲ್ಲಿರುವ ಗೇಟ್ ಸಂಖ್ಯೆಯೇ ಮುಖ್ಯ. ಚಿನ್ನಸ್ವಾಮಿಯ ಗೇಟುಗಳು ಕ್ವೀನ್ಸ್ ರಸ್ತೆ, ಕಬ್ಬನ್ ರಸ್ತೆ, ಲಿಂಕ್ ರಸ್ತೆಗಳಲ್ಲಿ ಹಂಚಿಹೋಗಿವೆ, ತಪ್ಪು ಬದಿಗೆ ಹೋದರೆ ಜನಸಂದಣಿಯಲ್ಲಿ ಅರ್ಧ ಸುತ್ತು ಬರಬೇಕು. ಇದು ಬರೀ ಕಿರಿಕಿರಿಯ ಮಾತಲ್ಲ. 2025ರ ಜೂನ್ 4ರಂದು ಇದೇ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ತೀರಿಕೊಂಡರು. ಟಿಕೆಟ್ ಇಲ್ಲದ, ಉಚಿತ ಪ್ರವೇಶದ ವಿಜಯೋತ್ಸವಗಳಿಗೆ ನಾನು ಯಾರನ್ನೂ ಕರೆದೊಯ್ಯುವುದಿಲ್ಲ. ಗೇಟಿನ ಮುಂದೆ ಸಾಲು ಅನ್ನುವುದು ಕರಗಿ ಗುಂಪಾಗಿದ್ದರೆ ಅಂಚಿಗೆ ಸರಿದು ಹಿಂದಕ್ಕೆ ಬನ್ನಿ, ಟಿಕೆಟ್ ಹಣ ಹೋದರೆ ಹೋಗಲಿ. ಬ್ಯಾಗ್, ಪವರ್ ಬ್ಯಾಂಕ್, ಹೆಲ್ಮೆಟ್, ನೀರಿನ ಬಾಟಲಿ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ, ಇಟ್ಟುಕೊಳ್ಳುವವರೂ ಇರುವುದಿಲ್ಲ. ಗ್ಯಾಲರಿಯಲ್ಲಿ ಪುಸ್ತಕವೋ ಚಿತ್ರವೋ ಕೊಂಡಿದ್ದರೆ ಅದನ್ನು ಹಿಡಿದು ಪಂದ್ಯಕ್ಕೆ ಹೋಗುವಂತಿಲ್ಲ ಅಂತಾಯಿತು. ಖರೀದಿಯನ್ನು ಇನ್ನೊಂದು ದಿನಕ್ಕೆ ಇಡಿ.

ಪಂದ್ಯ ಮುಗಿದು ಎಲ್ಲರೂ ಒಟ್ಟಿಗೆ ಹೊರಟಾಗ ಮೆಟ್ರೊ ಕೌಂಟರಿನ ಸಾಲು ರಸ್ತೆಗೆ ಬಂದಿರುತ್ತದೆ. ಸ್ಮಾರ್ಟ್ ಕಾರ್ಡಿಗೆ ಬೆಳಗ್ಗೆಯೇ ದುಡ್ಡು ತುಂಬಿಸಿಡುವುದು, ಇಲ್ಲವೇ ಪಂದ್ಯದ ದಿನ ಮೆಟ್ರೊದವರು ವಾಪಸಾತಿ ಟಿಕೆಟ್ ಮಾರುತ್ತಿದ್ದರೆ ಹೋಗುವಾಗಲೇ ಕೊಂಡಿಡುವುದು. ಆಟೋ ಹಿಡಿಯುವುದಾದರೆ ಕ್ರೀಡಾಂಗಣದ ಎದುರು ನಿಂತು ಚೌಕಾಶಿ ಮಾಡಿ ಫಲವಿಲ್ಲ, ಒಂದು ಕಿಲೋಮೀಟರ್ ಆಚೆ ನಡೆಯಿರಿ. 2025ರ ಆಗಸ್ಟ್‌ನಿಂದ ಮೀಟರ್ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ನಂತರ ಕಿಲೋಮೀಟರಿಗೆ 18. ರಾತ್ರಿ ಹತ್ತಾದ ಮೇಲೆ ಅದರ ಒಂದೂವರೆ ಪಟ್ಟು. ಡ್ರೈವರ್ ಅಷ್ಟು ಕೇಳಿದರೆ ಅದು ನ್ಯಾಯದ ದರವೇ, ಜಗಳಕ್ಕಿಳಿಯಬೇಡಿ.